ಗದೆಯ ನೆತ್ತಿಯ ಮೇಲೆ ಹದಿನೆಂಟು ಅಕ್ಷರ

ಗುಂಡಗಿರುವ ವಸ್ತುವಿಗೆ ಒಂದು ಸೊಕ್ಕಿರುತ್ತದೆ. ತಟ್ಟೆ ಮಲಗುತ್ತದೆ, ತಂಬಿಗೆ ಕೂರುತ್ತದೆ, ಗುಂಡು ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಮುಂಡರಗಿಯ ಗರಡಿಮನೆಯ ಬೆಳ್ಳಿ ಗದೆಯನ್ನು ಮೊದಲ ಸಲ ತೊಡೆಯ ಮೇಲೆ ಇಟ್ಟುಕೊಂಡಾಗ ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿ, ಕೊನೆಗೆ ನನ್ನ ಹೊಟ್ಟೆಗೆ ಗುದ್ದಿ ನಿಂತಿತು. ಗರಡಿಯ ವಸ್ತಾದರು, ಅಂದರೆ ಪೈಲ್ವಾನರ ಗುರುಗಳು, ಮೀಸೆಯೊಳಗೇ ನಕ್ಕರು.

“ಗದಾನ ನಿನ್ನ ಚಿತ್ ಮಾಡಾಕತ್ತೈತಲ್ಲೋ ತಮ್ಮಾ,” ಎಂದರು.

ಆ ಗದೆಯ ಮೇಲೆ ಹೆಸರು ಕೆತ್ತಬೇಕಾದವನು ನಾನು. ಅದೂ ಕುಸ್ತಿ ಮುಗಿದ ಮೇಲೆ, ಬಹುಮಾನ ಕೊಡುವುದಕ್ಕೆ ಮುಂಚೆ, ಅಷ್ಟೂ ಜನರ ಎದುರಿಗೆ.

ಇದು ಹೇಗೆ ನನ್ನ ಕೊರಳಿಗೆ ಬಿತ್ತು ಎಂದು ಹೇಳುತ್ತೇನೆ. ನಾನು ದುಡಿಯುವುದು ಗದಗಿನಲ್ಲಿ, ಪಾತ್ರೆ ಅಂಗಡಿಯೊಂದಕ್ಕೆ ಅಂಟಿಕೊಂಡ ಗೂಡಿನಂಥ ಜಾಗದಲ್ಲಿ. ಅದರ ಮಾಲೀಕರನ್ನು ಪೇಟೆಯೆಲ್ಲ ಕಾಕಾ ಎನ್ನುತ್ತದೆ, ನಾನೂ ಹಾಗೇ. ಬೆಳ್ಳಿ, ಹಿತ್ತಾಳೆಯ ಮೇಲೆ ಉಳಿಯಿಂದ ಹೆಸರು, ಹೂಬಳ್ಳಿ ಕೆತ್ತುವುದು ಕಾಕಾನ ಕೆಲಸ. ಮದುವೆ ಉಡುಗೊರೆಯ ಸ್ಟೀಲ್ ಪಾತ್ರೆಗಳ ಮೇಲೆ ಕರೆಂಟ್ ಪೆನ್ನಿನಿಂದ ಜುರ್ರೆಂದು ಹೆಸರು ಗೀಚುವುದು ನನ್ನದು. ಮೂರು ವರ್ಷ ಅದನ್ನೇ ಮಾಡಿದ್ದೆ. ಎಷ್ಟು ಮನೆಗಳಲ್ಲಿ ನನ್ನ ಕೈಬರಹ ದಿನಾ ಸಾರಿನಲ್ಲಿ ಮುಳುಗೇಳುತ್ತಿದೆಯೋ, ಇಷ್ಟು ಓದುಗರಿರುವ ಬರಹಗಾರ ನಮ್ಮ ಬೆಟಗೇರಿಯಲ್ಲಿ ಇನ್ನೊಬ್ಬನಿಲ್ಲ.

ನನಗೆ ಸಂಬಳವಿಲ್ಲದ ಇನ್ನೊಂದು ಉದ್ಯೋಗವೂ ಉಂಟು. ಬೇರೆಯವರ ದನಿ ತೆಗೆಯುವುದು. ಕಾಕಾನ ಕೆಮ್ಮು, ಲಕ್ಷ್ಮೇಶ್ವರ ಬಸ್ಸಿನ ಕಂಡಕ್ಟರ್, ನಮ್ಮ ಮನೆಯ ಮಗ್ಗದ ಸದ್ದು, ಮಗ್ಗ ನಿಲ್ಲಿಸಿ ಅವ್ವ ನನ್ನನ್ನು ಬಯ್ಯುವ ಸದ್ದು, ಎಲ್ಲ ಬರುತ್ತವೆ. ನನ್ನನ್ನು ಮಾತ್ರ ಯಾರೂ ಅನುಕರಿಸಿದ್ದಿಲ್ಲ. ನನ್ನಲ್ಲಿ ಅಂಥ ವಿಶೇಷವೇನೂ ಇಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಬೇಸಿಗೆಯ ಒಂದು ಬೆಳಿಗ್ಗೆ ವಸ್ತಾದರು ಅಂಗಡಿಗೆ ಬಂದರು. ಅವರ ಗರಡಿಯ ಗದೆ ಗೆದ್ದವರ ಕೈಯಲ್ಲಿ ಒಂದು ವರ್ಷವಿದ್ದು ಮರಳಿ ಬರುವಂಥದ್ದು. ಬೆಳ್ಳಿ ಗುಂಡಿನ ನಡುವಿಗೆ ಗೆದ್ದವರ ಹೆಸರುಗಳ ಪಟ್ಟಿ, ಎಲ್ಲವೂ ಕಾಕಾ ಕೆತ್ತಿದ್ದು. ಹೋದ ಸಲ ಗೆದ್ದವನು ಗದೆಯನ್ನು ಹೊತ್ತುಕೊಂಡು ಊರಿಗೆ ಹೋದವನು, ಹೆಸರು ಹಾಕಿಸಲು ತರಲೇ ಇಲ್ಲ. ತಂದಾಗ ವರ್ಷ ಮುಗಿದು ಗದೆ ಗರಡಿಗೆ ವಾಪಸಾಗಬೇಕಿತ್ತು. ಪಾಪ, ತನ್ನ ಹೆಸರಿದ್ದ ಗದೆಯನ್ನು ಅವನು ಹಿಡಿದದ್ದು ನಮ್ಮ ಅಂಗಡಿಯಿಂದ ಬಸ್‌ಸ್ಟ್ಯಾಂಡಿನವರೆಗೆ.

“ಈ ಸಲ ಕಣದಾಗ ಹೆಸರು ಬೀಳಬೇಕ್ರಿ,” ಎಂದರು ವಸ್ತಾದರು. “ಗೆದ್ದಾವ ಬೆವರ ಒರಿಸಿಕೊಳ್ಳೂದ್ರಾಗ.”

ಕಾಕಾ ತಮ್ಮ ಬಲಗೈ ಹೆಬ್ಬೆರಳನ್ನು ನೋಡಿಕೊಂಡರು. ಹೋದ ಸಲದ ಹೆಸರು ಕೆತ್ತಿದ ಮೇಲೆ ಅದರ ಕೀಲು ಹಿಡಿದುಕೊಂಡಿತ್ತು. ಉಳಿಯನ್ನು ಅಂಗೈಯಿಂದ ತಳ್ಳುವಾಗ ಮುಂದೆ ನಿಂತು ದಾರಿ ತೋರುವುದು ಹೆಬ್ಬೆರಳು. ಅದೇ ಮಡಚದಿದ್ದರೆ ಬೆಳ್ಳಿಯ ಮೇಲೆ ಉಳಿ ಎತ್ತ ಓಡುತ್ತದೋ ಹೇಳಲಾಗದು. ಆಮೇಲೆ ಅವರು ನನ್ನನ್ನು ನೋಡಿದರು. ಅದೇ ಹೊತ್ತಿಗೆ ನಾನು ವಸ್ತಾದರ ಬೆನ್ನ ಹಿಂದೆ ನಿಂತು ಅವರ ಮೀಸೆ ತಿರುವುತ್ತಿದ್ದೆ, ಅಂದರೆ ಇಲ್ಲದ ನನ್ನ ಮೀಸೆಯನ್ನು ಅವರಂತೆ.

“ಇಂವ ಮಾಡ್ತಾನ,” ಎಂದರು ಕಾಕಾ.

ವಸ್ತಾದರು ತಿರುಗಿದರು. ನಾನು ಮೂಗು ತುರಿಸಿಕೊಂಡೆ.

“ಈ ಮಂಗ್ಯಾ?”

“ಮಂಗ್ಯಾನ ಖರೆ. ಆದ್ರ ಕೈ ಛಲೋ ಐತಿ.”

ಅವರು ಹೋದ ಮೇಲೆ ಕಾಕಾ ತಮ್ಮ ಬೆಳ್ಳಿಯ ಉಳಿಯನ್ನು ಬಟ್ಟೆಯಿಂದ ಬಿಚ್ಚಿ ನನ್ನ ಕೈಗಿಟ್ಟರು. ಉಳಿಯ ಹಿಡಿ ಅಣಬೆಯಂತಿರುತ್ತದೆ, ಅಂಗೈಯ ಗುಳಿಯಲ್ಲಿ ಕೂರುತ್ತದೆ. ಹಿಡಿ ಅಂಗೈಯಲ್ಲಿರುವಾಗ ಮೊನೆ ಹೆಬ್ಬೆರಳಿನ ತುದಿಗಿಂತ ಸ್ವಲ್ಪವೇ ಮುಂದಿರಬೇಕು. ಕಾಕಾನ ಕೈ ಹಲಗೆಯಂಥದ್ದು, ನನ್ನದು ಚಮಚ. ಮೊನೆ ಒಂದು ಬೆರಳಿನಷ್ಟು ಹೆಚ್ಚೇ ಹೊರಗೆ ಚಾಚಿತ್ತು.

“ಹಿಂದಿಂದ ಒಂದ್ಚೂರು ಕಡಿಲೇನ್ರಿ ಕಾಕಾ?”

“ಅದು ನನ್ನ ಉಳಿ. ನಿನ್ನ ಕೈ ಬೆಳೀಲಿ.”

ನನಗೆ ಆಗ ಇಪ್ಪತ್ತನಾಲ್ಕು. ಕೈ ಇನ್ನೆಷ್ಟು ಬೆಳೆದೀತು.

“ಈಗ ಕೇಳ,” ಎಂದರು. “ಆ ಗದಾದ ಮ್ಯಾಲ ಇರೂ ಹೆಸರೆಲ್ಲಾ ನಾ ಹಾಕಿದ್ದು. ನಿನ್ನ ಉಳಿ ಜಾರಿ ಒಂದ ಹೆಸರಿನ ಮ್ಯಾಲ ಗೀರು ಬಿತ್ತಂದ್ರ ಆ ಪೈಲ್ವಾನನ ಎದಿ ಮ್ಯಾಲ ಗೀರು ಬಿದ್ದಂಗ. ಸರಿಯಾಗಿ ಮಾಡಿದಿ, ಬೆಳ್ಳಿ ಕೆಲಸಾ ನಿನಗ. ಇಲ್ಲಾ, ಸಾಯೂತನಕ ಸ್ಟೀಲ್ ಪಾತ್ರೆ ಮ್ಯಾಲ ಜುರ್ ಅನಿಸ್ಕೋತ ಕುಂಡ್ರು.”

ಅದೇ ಸಂಜೆ ಮುಂಡರಗಿಗೆ ಹೋಗಿ ಗದೆಯನ್ನು ಅಳೆದೆ. ಹೊಟ್ಟೆಗೆ ಗುದ್ದಿಸಿಕೊಂಡದ್ದು ಆಗಲೇ. ಗುಂಡು ದೊಡ್ಡ ತೆಂಗಿನಕಾಯಿಯಷ್ಟಿತ್ತು. ಮೇಲೆ ತೆಳು ಬೆಳ್ಳಿ ತಗಡು, ಒಳಗೆಲ್ಲ ಅರಗು. ತುದಿಯಲ್ಲಿ ಒಂದು ಮೊಗ್ಗು. ಕೊನೆಯ ಹೆಸರಿನ ಪಕ್ಕ ನಾಲ್ಕು ಬೆರಳಿನಷ್ಟು ಜಾಗ ಉಳಿದಿತ್ತು, ಆಮೇಲೆ ಹೂಬಳ್ಳಿ. ಒಂದು ಹೆಸರಿಗೆ ಸಾಕು.

ಅಳತೆಗಿಂತ ಮೊದಲು ಕಾಕಾ ಹೇಳಿಕೊಟ್ಟ ಕೆಲಸ ಮಾಡಿದೆ. ಉಗುರಿನಿಂದ ಗುಂಡನ್ನೆಲ್ಲ ತಟ್ಟುತ್ತ ಹೋದೆ. ಒಳಗೆ ಅರಗು ಬಿಗಿಯಾಗಿದ್ದಲ್ಲಿ ‘ಡಬ್’ ಎನ್ನುತ್ತದೆ. ತಗಡಿನ ಹಿಂದೆ ಪೊಳ್ಳಿದ್ದರೆ ‘ಟಣ್’ ಎನ್ನುತ್ತದೆ, ಅಲ್ಲಿ ಉಳಿ ಊರಿದರೆ ಬೆಳ್ಳಿ ಕುಸಿಯುತ್ತದೆ. ಊರಿನವರ ದನಿಯನ್ನೆಲ್ಲ ಕದಿಯುವ ಕಿವಿಗೆ ಮೊದಲ ಸಲ ಮರ್ಯಾದೆಯ ಕೆಲಸ ಸಿಕ್ಕಿತು. ಗದೆಯ ಡಬ್ ಮತ್ತು ಟಣ್ ಎರಡನ್ನೂ ಬಾಯಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಗದಗಿನವರೆಗೂ ಅಭ್ಯಾಸ ಮಾಡಿದೆ. ಪಕ್ಕದಲ್ಲಿ ಕೂತಿದ್ದವರು ಡಂಬಳದಲ್ಲಿ ಎದ್ದು ಬೇರೆ ಸೀಟಿಗೆ ಹೋದರು.

ಹೊರಡುವ ಮೊದಲು ವಸ್ತಾದರನ್ನು ಒಂದು ಮಾತು ಕೇಳಿದ್ದೆ. “ಕುಸ್ತಿ ಸಮ ಆದ್ರ ಏನ್ ಮಾಡೂದ್ರಿ?”

ಅವರ ಗರಡಿಯಲ್ಲಿ ಅಂಕ ಎಣಿಸುವ ಪದ್ಧತಿ ಇಲ್ಲ. ಒಬ್ಬನ ಬೆನ್ನು ಮಣ್ಣಿಗೆ ಹತ್ತಬೇಕು, ಅಷ್ಟೇ ತೀರ್ಪು. “ನಮ್ಮ ಕಣದಾಗ ಸಮ ಆಗೂದಿಲ್ಲ,” ಎಂದರು, ನಾನು ಏನೋ ಅಶುಭ ನುಡಿದವನಂತೆ ನೋಡಿ.

ನನಗೆ ಹದಿನೈದು ದಿನವಿತ್ತು. ಕಲಿಯಲು ಒಂದು ಗುಂಡು ಬೇಕಲ್ಲ. ಶಿರಹಟ್ಟಿಯ ಹಳೆ ಸಾಮಾನಿನವನ ಬಳಿ ಯಾವುದೋ ಪಲ್ಲಂಗದ ಕಾಲಿನ ಮೇಲಿದ್ದ ಹಿತ್ತಾಳೆಯ ಗುಂಡು ಸಿಕ್ಕಿತು. ಅರಗು ಕರಗಿಸಿ ಹೊಯ್ದೆ. ಗದೆಗಿಂತ ಸಣ್ಣದು, ಆದರೆ ಸೊಕ್ಕಿನಲ್ಲಿ ಅದರ ತಮ್ಮ.

ಮೊದಲ ಪಾಠ ಗೆರೆ ಎಳೆಯುವುದು. ಸ್ಟೀಲ್ ಡಬ್ಬಿಗೆ ಕಾಗದದ ಪಟ್ಟಿ ಸುತ್ತಿದರೆ ಸಾಕು. ಗುಂಡಿಗೆ ಸುತ್ತಿದರೆ ಪಟ್ಟಿಯ ಒಂದು ಅಂಚು ಸುಕ್ಕಾಗುತ್ತದೆ, ಗೆರೆ ಬೆಟ್ಟ ಹತ್ತುತ್ತದೆ. ಅದಕ್ಕೆ ನೂಲೇ ಸರಿ. ಗುಂಡಿನ ಮೇಲೆ ಬಿಳಿ ಬಣ್ಣವನ್ನು ತೆಳ್ಳಗೆ ಬೆರಳಿನಿಂದ ಬಳಿದು, ನೂಲು ಸುತ್ತಿ, ಅದರ ಗುಂಟ ಪೆನ್ಸಿಲ್ ಓಡಿಸಬೇಕು. ಆ ನೂಲನ್ನೇ ಬಿಚ್ಚಿ ಎರಡಾಗಿ, ನಾಲ್ಕಾಗಿ ಮಡಚಿದರೆ ಸುತ್ತಳತೆಯ ಪಾಲು ಸಿಗುತ್ತದೆ. ನೇಕಾರರ ಮನೆಯಲ್ಲಿ ನೂಲಿಗೆ ಬರವೇ? ಮನೆಯಲ್ಲಿರುವುದರಲ್ಲೇ ಭಾರಿಯದ್ದು ಎಂದು ರೇಶ್ಮೆಯ ಎಳೆಯನ್ನು ತೆಗೆದುಕೊಂಡೆ. ಸುತ್ತಿದೆ, ಬಿಚ್ಚಿದೆ, ಮಡಚಿದೆ, ಗುರುತು ಹಾಕಿದೆ. ನಾಲ್ಕನೆಯ ಪಾಲು ಉಳಿದವುಗಳಿಗಿಂತ ಒಂದು ಅಕ್ಷರದಷ್ಟು ದೊಡ್ಡದಾಗಿತ್ತು. ಮತ್ತೆ ಮಾಡಿದೆ. ಮತ್ತೆ ಹಾಗೆಯೇ. ಹಿತ್ತಾಳೆಯ ಗುಂಡು ರಾತ್ರೋರಾತ್ರಿ ದಪ್ಪವಾಗುತ್ತಿದೆ ಎಂದು ಅವ್ವನಿಗೆ ದೂರು ಕೊಟ್ಟೆ.

ಅವ್ವ ಮಗ್ಗ ನಿಲ್ಲಿಸಿದಳು. ನೂಲನ್ನು ಬೆರಳಿನ ನಡುವೆ ಎಳೆದು ಬಿಟ್ಟಳು. ಅದು ಉದ್ದವಾಗಿ ಮತ್ತೆ ಗಿಡ್ಡವಾಯಿತು.

“ಮಗ್ಗದ ಬುಡಕ್ಕ ಹುಟ್ಟಿದಾವ ಲೇ ನೀ. ರೇಶ್ಮಿ ಎಳದ್ರ ಬರತೈತಿ, ಬಿಟ್ರ ಹೋಗತೈತಿ, ಅಷ್ಟೂ ಗೊತ್ತಿಲ್ಲ? ಸುತ್ತುಮುಂದ ಜಗ್ಗಿ ಸುತ್ತೀದಿ, ಮಡಚುಮುಂದ ಸಡ್ಲ ಬಿಟ್ಟೀದಿ.”

“ಮತ್ಯಾವ್ದ ತಗೋಬೇಕ?”

“ಗಂಜಿ ಹಾಕಿದ್ದ ಹತ್ತಿ ಎಳಿ. ಬಡವರ ನೂಲು ಸುಳ್ಳ ಹೇಳೂದಿಲ್ಲ.”

ಈ ತಪ್ಪನ್ನು ಅಕ್ಕಸಾಲಿಗರ ಮಕ್ಕಳು ಮಾಡುವುದಿಲ್ಲ, ಅವರ ಮನೆಯಲ್ಲಿ ರೇಶ್ಮೆಯ ಎಳೆ ಕೈಗೆ ಸಿಗುವುದೇ ಇಲ್ಲ. ರೇಶ್ಮೆಯ ನಡುವೆ ಬೆಳೆದವನೇ ಮಾಡಬೇಕು.

ಎರಡನೆಯ ಪಾಠ ಹಿಡಿಯುವುದು. ಉಳಿ ಸುತ್ತುವುದಿಲ್ಲ, ವಸ್ತು ಸುತ್ತಬೇಕು. ಅಕ್ಷರದ ಬಾಗು ಬಂದಾಗ ಬಲಗೈ ಹಾಗೇ ಇರುತ್ತದೆ, ಎಡಗೈ ಕೆಲಸವನ್ನು ಉಳಿಯ ಬಾಯಿಗೆ ತಿರುಗಿಸಿ ಕೊಡುತ್ತದೆ. ಹಾಗಾಗಿ ಹಿಡಿತ ಅಲುಗಬಾರದು, ಆದರೆ ಬೇಕೆಂದಾಗ ತಿರುಗಬೇಕು. ಇದಕ್ಕಾಗಿ ನಾನೊಂದು ಯಂತ್ರ ಕಲ್ಪಿಸಿಕೊಂಡೆ. ಲಕ್ಷ್ಮೇಶ್ವರದ ಬಡಿಗೇರರ ಬಳಿ ಹೋಗಿ ಎರಡು ಮರದ ಬೋಗುಣಿಗಳು ಬಾಯಿಗೆ ಬಾಯಿ ಕೊಟ್ಟಂತೆ, ನಡುವೆ ಗುಂಡು, ಎರಡು ಬದಿಗೆ ಬೋಲ್ಟು, ಕೆಳಗೆ ತಿರುಗುವ ಪೀಠ ಎಂದು ಚಿತ್ರ ಬರೆದು ಕೊಟ್ಟೆ. ಬಡಿಗೇರರು ಕಾಗದವನ್ನು ಉದ್ದುದ್ದ ಅಡ್ಡಡ್ಡ ನೋಡಿ ಕೇಳಿದರು, “ಇದರಾಗ ಕಬ್ಬಿನ ಹಾಲು ಬರತೈತೇನು?”

ಬರಲಿಲ್ಲ. ಬೋಲ್ಟು ಸಡಿಲವಿದ್ದರೆ ಗುಂಡು ಜಾರುತ್ತಿತ್ತು. ಬಿಗಿ ಮಾಡಿದರೆ ತಿರುಗುತ್ತಿರಲಿಲ್ಲ. ಇನ್ನೂ ಬಿಗಿ ಮಾಡಿದೆ, ಹಿತ್ತಾಳೆಯ ಕೆನ್ನೆ ಒಳಕ್ಕೆ ಹೋಯಿತು. ಅದೇ ಬೆಳ್ಳಿಯಾಗಿದ್ದರೆ, ಎಂದು ನೆನೆದು ಬೆವೆತೆ. ಅಭ್ಯಾಸಕ್ಕೆಂದು ಕೆತ್ತಿದ ಒಂದು ‘ಲೂ’ ಅರ್ಧಕ್ಕೆ ಜಾರಿ ಗುಂಡಿನ ದಕ್ಷಿಣ ಧ್ರುವದವರೆಗೆ ಹೋಗಿತ್ತು.

ನಾನು ಯಂತ್ರದ ಜೊತೆ ಜಗಳವಾಡುವುದನ್ನು ಅವ್ವ ಎರಡು ದಿನ ನೋಡಿದಳು. ಮೂರನೆಯ ದಿನ ಹಳೆ ಸೀರೆ ಹರಿದು ಹೊಸೆದು ಒಂದು ಸಿಂಬಿ ಮಾಡಿ ಮುಂದಿಟ್ಟಳು. ಕೊಡ ಹೊರುವಾಗ ತಲೆಯ ಮೇಲೆ ಇಡುವ ಬಟ್ಟೆಯ ಬಳೆ, ಅದೇ.

“ಇದರ ಮ್ಯಾಲ ಇಡು. ತುಂಬಿದ ಕೊಡ ಎಂದಾರ ಜಾರಿದ್ದ ನೋಡೀಯೇನು?”

ಇಟ್ಟೆ. ಗುಂಡು ಕೂತಿತು, ಸಂಬಂಧಿಕರ ಮನೆಗೆ ಬಂದ ಹಿರಿಯರು ದಿಂಬಿಗೆ ಒರಗಿ ಕೂತಂತೆ. ಒಣಗಿದ ಸಿಂಬಿ ಸ್ವಲ್ಪ ಜಾರುತ್ತಿತ್ತು, ನೆನೆಸಿ ಹಿಂಡಿ ಇಟ್ಟರೆ ಕಚ್ಚಿ ಹಿಡಿಯುತ್ತಿತ್ತು. ಎಡಗೈಯಿಂದ ಒತ್ತಿದರೆ ಅಲುಗದು, ಹಗುರಾಗಿ ತಿರುವಿದರೆ ತಿರುಗುತ್ತದೆ. ಬೋಗುಣಿ ಯಂತ್ರದಲ್ಲಿ ಈಗ ಅವ್ವ ಬೆಳ್ಳುಳ್ಳಿ ಇಡುತ್ತಾಳೆ.

ಆಮೇಲಿನ ದಿನಗಳು ಓಡಿದವು. ಕಾಕಾ ದಿನಾ ಒಂದೊಂದು ಕಿವಿಮಾತು ಹೇಳುತ್ತಿದ್ದರು, ಹೇಳಿ ಕೆಮ್ಮುತ್ತಿದ್ದರು, ನಾನು ಎರಡನ್ನೂ ಕಲಿಯುತ್ತಿದ್ದೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟೇ ಗೆರೆ ಎಳೆ. ಎಡಗೈ ಹೆಬ್ಬೆರಳನ್ನು ಬಲಗೈ ಹೆಬ್ಬೆರಳಿಗೆ ತಾಗಿಸಿಡು, ಉಳಿ ಜಾರಿದರೆ ಅದೇ ಬ್ರೇಕು. ಬೆಳಕು ಎಡಗಡೆಯಿಂದ ಬರಲಿ. ಮೊದಲ ಗೀರನ್ನು ಹೆಸರಿಗೆ ಹಾಕಬೇಡ, ಹೂವಿಗೆ ಹಾಕು, ಕೈಯ ನಡುಕ ಹೂವು ತಿನ್ನಲಿ. ಸಮಪಾಲು ಮಾಡುವಾಗ ಕೈವಾರ ಹೆಜ್ಜೆ ಹಾಕುತ್ತ ಕೊನೆಗೆ ಗುರುತು ದಾಟಿದರೆ, ದಾಟಿದ್ದನ್ನೆಲ್ಲ ಒಂದೇ ಹೆಜ್ಜೆಯಿಂದ ಕಡಿಯಬೇಡ, ಐದು ಹೆಜ್ಜೆಯಿದ್ದರೆ ಐದಕ್ಕೂ ಹಂಚು.

ಕುಸ್ತಿಯ ಹಿಂದಿನ ದಿನ ಕೊನೆಯ ನಾಲ್ವರು ಯಾರೆಂದು ಖಬರು ಬಂತು. ನಾಲ್ಕು ಹೆಸರನ್ನೂ ಅಳತೆಗೆ ಸರಿಯಾಗಿ ಟ್ರೇಸಿಂಗ್ ಪೇಪರಿನ ಮೇಲೆ ಬರೆದು ಚೀಟಿ ಮಾಡಿದೆ. ಯಾರೇ ಗೆಲ್ಲಲಿ, ಅವನ ಚೀಟಿ ಅಂಟಿಸಿ ತಿದ್ದಿದರೆ ಆಯಿತು. ಇಷ್ಟು ತಯಾರಿಯಿದ್ದವನು ಇನ್ನೇನು ಹೆದರಬೇಕು ಎಂದು ಎದೆ ಉಬ್ಬಿಸಿ ಕನ್ನಡಿಯಲ್ಲಿ ನೋಡಿಕೊಂಡೆ. ಉಬ್ಬುವಷ್ಟು ಎದೆ ಇರಲಿಲ್ಲ, ಅದು ಬೇರೆ ಮಾತು.

ಮರುದಿನ ಮುಂಡರಗಿಯಲ್ಲಿ ಹಲಗಿಯ ಸದ್ದಿಗೆ ಕಾಲು ತಾವಾಗಿಯೇ ಕುಣಿಯುತ್ತಿದ್ದವು. ಕಾಕಾ ನನ್ನ ಜೊತೆ ಬಂದವರು, ಪಂಚರ ಪಕ್ಕದ ಬೆಂಚಿನಲ್ಲಿ ಕೂತುಬಿಟ್ಟರು. “ನಾ ಕುಸ್ತಿ ನೋಡಾಕ ಬಂದೇನಿ,” ಎಂದರು. ನಾನು ವೇದಿಕೆಗೆ ಹೋಗಿ ನೋಡಿದರೆ, ಗದೆಯನ್ನು ಎಲ್ಲರಿಗೂ ಕಾಣಲೆಂದು ಬೆಳಿಗ್ಗೆಯಿಂದ ಬಿಸಿಲಿಗೆ ಇಟ್ಟಿದ್ದಾರೆ. ತಟ್ಟಿದೆ. ಡಬ್ ಎನ್ನಬೇಕಾದ ಗದೆ ‘ಪುಸ್’ ಎಂದಿತು. ಒಳಗಿನ ಅರಗು ಬಿಸಿಗೆ ಮೆತ್ತಗಾಗಿತ್ತು. ಒಬ್ಬ ಪೈಲ್ವಾನನ ರುಮಾಲು ಬೇಡಿ ತಂದು ನೀರಿನಲ್ಲಿ ಅದ್ದಿ ಗದೆಗೆ ಸುತ್ತಿದೆ, ಒಣಗಿದಂತೆಲ್ಲ ಮತ್ತೆ ಅದ್ದಿದೆ. ಜ್ವರ ಬಂದವರ ಹಣೆಗೆ ಪಟ್ಟಿ ಹಾಕಿದ ಹಾಗೆ. ಮಧ್ಯಾಹ್ನ ದಾಟುವ ಹೊತ್ತಿಗೆ ಜ್ವರ ಇಳಿದು ಡಬ್ ಎಂದಿತು.

ಕೊನೆಯ ಜೋಡಿಯಲ್ಲಿ ಉಳಿದವರು ಸಿಂಗಟಾಲೂರಿನವನೊಬ್ಬ, ಅಸುಂಡಿಯವನೊಬ್ಬ. ಸಿಂಗಟಾಲೂರಿನವನು ಎತ್ತರ, ಅವನ ಹೆಸರು ನಾಲ್ಕೇ ಅಕ್ಷರ. ಅಸುಂಡಿಯವನು ಗಿಡ್ಡ, ಹೆಸರು ಆರಕ್ಷರ. ಎರಡು ಚೀಟಿಗಳನ್ನು ಎರಡು ಜೇಬಿನಲ್ಲಿ ಇಟ್ಟುಕೊಂಡು ಕೂತೆ. ಅವರು ಹಿಡಿದಾಡಿದರು, ಮಣ್ಣು ತೂರಿಕೊಂಡರು, ಒಬ್ಬ ಬಿದ್ದ ಎನ್ನುವಾಗ ಹೊಟ್ಟೆಯ ಮೇಲೆ ಬೀಳುತ್ತಿದ್ದ, ಇನ್ನೊಬ್ಬ ಚಿತ್ ಎನ್ನುವಾಗ ಮೀನಿನಂತೆ ನುಸುಳುತ್ತಿದ್ದ. ನಾನು ಎದ್ದು ನಿಂತು ಕೂಗಿ ಕೂಗಿ ನನ್ನ ದನಿಯನ್ನೇ ಕಳೆದುಕೊಂಡೆ. ಗೊತ್ತು ಮಾಡಿದ ವೇಳೆ ಮುಗಿಯಿತು. ಹತ್ತು ನಿಮಿಷ ಹೆಚ್ಚಿಗೆ ಕೊಟ್ಟರು. ಅದೂ ಮುಗಿಯಿತು. ವಸ್ತಾದರು ಕಣಕ್ಕಿಳಿದು ಇಬ್ಬರನ್ನೂ ಬಿಡಿಸಿ, ಇಬ್ಬರ ಕೈಯನ್ನೂ ಮೇಲೆತ್ತಿದರು.

ಸಮ.

ಜನ ಹುಚ್ಚೆದ್ದು ಕುಣಿಯಿತು. ನಾನೊಬ್ಬ ಎರಡು ಜೇಬಿನ ಮೇಲೆ ಎರಡು ಕೈ ಇಟ್ಟುಕೊಂಡು ನಿಂತಿದ್ದೆ. ಗದೆ ಇಬ್ಬರ ಊರಿನಲ್ಲೂ ಆರಾರು ತಿಂಗಳು ಇರಲಿ ಎಂದು ಪಂಚರು ಹೇಳಿದರು. ಹೆಸರು?

“ಇಬ್ಬರದೂ ಹಾಕು,” ಎಂದರು ವಸ್ತಾದರು. ಅವರು ನನ್ನ ಕಣ್ಣು ತಪ್ಪಿಸುತ್ತಿದ್ದರು.

ನಾಲ್ಕು ಬೆರಳಿನ ಜಾಗದಲ್ಲಿ ಇಬ್ಬರು ಕೂರಬೇಕೆಂದರೆ ಒಬ್ಬರು ಇನ್ನೊಬ್ಬರ ತಲೆಯ ಮೇಲೆ ಕೂರಬೇಕು. ಅಷ್ಟರಲ್ಲಿ ಆ ಪ್ರಶ್ನೆಯೂ ಎದ್ದಿತು.

“ನಮ್ಮಾಂವನ ಹೆಸರ ಮ್ಯಾಲ ಬರ್ಬೇಕ್ ನೋಡ,” ಎಂದ ಗುಂಪಿನಲ್ಲಿದ್ದ ಸಿಂಗಟಾಲೂರಿನವನೊಬ್ಬ.

“ಯಾಕ, ನಿಮ್ಮಾಂವ ಉದ್ದ ಅದಾನಂತೇನು?” ಅಸುಂಡಿಯ ಕಡೆಯವನೊಬ್ಬ ಕೇಳಿದ.

“ನಿಮ್ಮಾಂವನ ಹೆಸರ ಹಾಕಿದ್ರ ಜಾಗಾನ ಉಳಿಯೂದಿಲ್ಲ. ಅಟ್ಟುದ್ದ ಹೆಸರ ಇಡೂ ಮುಂದ ನಿಮ್ಮೂರಾಗ ಯಾರೂ ತಡೀಲಿಲ್ಲೇನ?”

ನಾನು ಕಾಕಾನ ಕಡೆ ನೋಡಿದೆ. ಅವರು ಆಕಾಶದಲ್ಲಿ ಹಾರುವ ಹದ್ದನ್ನು ನೋಡುತ್ತಿದ್ದರು. ಹದ್ದು ಇರಲಿಲ್ಲ.

ಗದೆಯ ರುಮಾಲು ಬಿಚ್ಚಿದೆ. ನಡುಪಟ್ಟಿಯನ್ನು ಬಿಟ್ಟು ಮೇಲೆ ನೋಡಿದೆ. ಮೊಗ್ಗಿನ ಸುತ್ತ ನೆತ್ತಿ ಖಾಲಿ. ಇಷ್ಟು ವರ್ಷ ಅಲ್ಲಿ ಯಾರೂ ಏನೂ ಕೆತ್ತಿಲ್ಲ, ಯಾಕೆಂದರೆ ಎಲ್ಲರೂ ಪಟ್ಟಿಯನ್ನೇ ನೋಡುತ್ತಿದ್ದರು, ನಾನೂ. ಅಲ್ಲಿ ಬಳೆಯ ಹಾಗೆ ಬರೆದರೆ ಒಂದು ಹೆಸರು ಮುಗಿದಲ್ಲಿ ಇನ್ನೊಂದು ಶುರುವಾಗುತ್ತದೆ, ಅದು ಮುಗಿದಲ್ಲಿ ಮೊದಲನೆಯದು. ಬಳೆಯಲ್ಲಿ ಮೇಲಿನವರು ಯಾರು, ಮೊದಲಿನವರು ಯಾರು? ಆದರೆ ನಾಲ್ಕಕ್ಷರದವನಿಗೆ ಗಿಡ್ಡ ಪಾಲು, ಆರಕ್ಷರದವನಿಗೆ ಉದ್ದ ಪಾಲು ಬಂದರೆ ಮತ್ತೆ ಜಗಳ. ಊರಿನ ಹೆಸರನ್ನೂ ಸೇರಿಸಿದರೆ? ಬೆರಳು ಮಡಚಿ ಎಣಿಸಿದೆ. ನಾಲ್ಕು, ಅದಕ್ಕೆ ಸಿಂಗಟಾಲೂರು ಐದು, ಒಂಬತ್ತು. ಆರು, ಅದಕ್ಕೆ ಅಸುಂಡಿ ಮೂರು. ಮತ್ತೊಮ್ಮೆ ಎಣಿಸಿದೆ. ಒಂಬತ್ತೇ.

ನನಗೆ ಆಗ ಆದ ಖುಷಿಯನ್ನು ಹೇಳಲಾರೆ. ಸಣ್ಣ ಹೆಸರಿನವನಿಗೆ ದೊಡ್ಡ ಊರು, ದೊಡ್ಡ ಹೆಸರಿನವನಿಗೆ ಸಣ್ಣ ಊರು ಕೊಟ್ಟವರು ಯಾರೋ, ಅವರಿಗೆ ಆ ಕಣದಲ್ಲೇ ಅಡ್ಡಬೀಳಬೇಕೆನಿಸಿತು. ಹದಿನೆಂಟು ಅಕ್ಷರ, ನಡುವೆ ಎರಡು ಹೂ. ಇಪ್ಪತ್ತು ಪಾಲು.

“ವಸ್ತಾದ್ರ, ನೆತ್ತಿ ಮ್ಯಾಲ ಹಾಕ್ತೇನ್ರಿ. ಬಳಿ ಹಂಗ. ಊರಿನ ಹೆಸರೂ ಬರ್ತಾವ, ಇಬ್ಬರಿಗೂ ಒಂಬತ್ತ ಒಂಬತ್ತ ಅಕ್ಷರ.”

ಅವರು ಎರಡೂ ಊರಿನವರ ಮುಖ ನೋಡಿದರು. ಊರಿನ ಹೆಸರು ಬೆಳ್ಳಿಯ ಮೇಲೆ ಬರುತ್ತದೆ ಎಂದ ಮೇಲೆ ಯಾರೂ ಬಾಯಿ ತೆಗೆಯಲಿಲ್ಲ. “ಎಟ್ಟೊತ್ತು?” ಎಂದರು.

“ಮುಕ್ಕಾಲ್ ತಾಸು. ಆದ್ರ ಹಿಡಿಯಾಕ ಜಾಗಾ ಬೇಕ್ರಿ.”

ನೆತ್ತಿಯ ಮೇಲೆ ಕೆತ್ತಬೇಕೆಂದರೆ ಗದೆ ನೆಟ್ಟಗೆ ನಿಲ್ಲಬೇಕು. ಸಿಂಬಿಯ ಮೇಲೆ ಗುಂಡು ಕೂರುತ್ತದೆ ಸರಿ, ಅದರ ಕೆಳಗಿನ ಒಂದೂವರೆ ಅಡಿಯ ಹಿಡಿಕೆಯನ್ನು ಎಲ್ಲಿಗೆ ಕಳಿಸುವುದು? ಮೇಜಿಗೆ ತೂತು ಕೊರೆಯಲೇ ಎಂದು ಸುತ್ತ ನೋಡುವಾಗ ಕಾಲಡಿಯಲ್ಲೇ ಉತ್ತರವಿತ್ತು. ಕುಸ್ತಿಯ ಕೆಂಪು ಮಣ್ಣು. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ್ದು, ಆಳಕ್ಕೆ ಅಗೆದದ್ದು, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಂಥದ್ದು.

“ಕಣದಾಗ ಕುಂಡ್ರಲೇನ್ರಿ? ಕುಣಿ ತೋಡಿ ಹಿಡಿಕಿ ಇಳಿಸ್ತೇನಿ.”

ಸುತ್ತಲಿನವರು ವಸ್ತಾದರ ಕಡೆ ತಿರುಗಿದರು. ಆ ಮಣ್ಣಿಗೆ ಪೈಲ್ವಾನರ ಹೊರತು ಯಾರೂ ಇಳಿಯುವುದಿಲ್ಲ. ಭಾಷಣದವರು ಕೂಡ ಅಂಚಿನಲ್ಲಿ ನಿಂತೇ ಕೈ ಮುಗಿಯುತ್ತಾರೆ. ವಸ್ತಾದರು ನನ್ನ ಕಾಲು ನೋಡಿದರು, ಮುಖ ನೋಡಿದರು.

“ಚಪ್ಪಲ್ ಬಿಟ್ಟು, ಮಣ್ಣು ಹಣಿಗೆ ಹಚ್ಚಿಕೊಂಡ ಇಳಿ.”

ಹಚ್ಚಿಕೊಂಡು ಇಳಿದೆ. ಕುಣಿ ತೋಡಿದವರು ಆ ಇಬ್ಬರೇ ಪೈಲ್ವಾನರು, ಇನ್ನೂ ಏದುಸಿರು ಬಿಡುತ್ತ. ಹಿಡಿಕೆಗೆ ಬಟ್ಟೆ ಸುತ್ತಿ ಇಳಿಸಿ, ಸುತ್ತ ಮಣ್ಣು ತುಂಬಿ ಹದವಾಗಿ ತುಳಿದರು. ಗುಂಡಿನ ಕೆಳಗೆ ಅವ್ವನ ಸಿಂಬಿ, ನೆನೆಸಿ ಹಿಂಡಿದ್ದು. ನಾನು ಚಕ್ಕಳಮಕ್ಕಳ ಹಾಕಿ ಕೂತು ಗುಂಡನ್ನು ಮೊಣಕಾಲಿನ ನಡುವೆ ತಂದುಕೊಂಡೆ. ಒತ್ತಿದೆ, ಬೆಟ್ಟ. ತಿರುವಿದೆ, ಬೀಸುಕಲ್ಲು. ತಟ್ಟಿದೆ. ನೆತ್ತಿಯ ಸುತ್ತಲೂ ಡಬ್, ಡಬ್, ಡಬ್. ಲಕ್ಷ್ಮೇಶ್ವರದ ಬಡಿಗೇರರು ಇದನ್ನು ನೋಡಬೇಕಿತ್ತು.

ನೆತ್ತಿಗೆ ಬಿಳಿ ಬಣ್ಣ ಬಳಿದು, ಹತ್ತಿಯ ಎಳೆಯನ್ನು ಮೊಗ್ಗಿಗೆ ಕುಣಿಕೆ ಹಾಕಿ, ಇನ್ನೊಂದು ತುದಿಗೆ ಪೆನ್ಸಿಲ್ ಸಿಕ್ಕಿಸಿ ಸುತ್ತು ಹೊಡೆದೆ. ಒಂದು ಗೆರೆ ಅಕ್ಷರದ ತಲೆಗೆ, ಎಳೆ ಉದ್ದ ಬಿಟ್ಟು ಇನ್ನೊಂದು ಅಕ್ಷರದ ಕಾಲಿಗೆ. ಕೆಳಗಿನ ಗೆರೆಗೆ ನೂಲು ಸುತ್ತಿ, ಬಿಚ್ಚಿ, ನಾಲ್ಕಾಗಿ ಮಡಚಿ ಗುರುತು. ಪ್ರತಿ ಕಾಲುಭಾಗಕ್ಕೂ ಕೈವಾರದಿಂದ ಐದು ಹೆಜ್ಜೆ. ಮೊದಲ ಸಲ ಗುರುತು ದಾಟಿತು, ದಾಟಿದ್ದನ್ನು ಐದಕ್ಕೆ ಹಂಚಿ ಕೈವಾರ ಮುಚ್ಚಿದೆ, ಸರಿಯಾಗಿ ಕೂತಿತು. ಜೇಬಿನ ಚೀಟಿಗಳು ಇಲ್ಲಿಗೆ ಉಪಯೋಗವಿಲ್ಲ, ಅವು ನೆಟ್ಟಗಿನ ಸಾಲಿನವು. ಪೆನ್ಸಿಲಿನಿಂದ ನೇರವಾಗಿ ಬರೆದೆ. ಬಳೆಯ ಮೇಲೆ ಪ್ರತಿ ಅಕ್ಷರದ ಬೆನ್ನೆಲುಬು ಮೊಗ್ಗನ್ನೇ ನೋಡಬೇಕು, ಒಂದು ಓರೆಯಾದರೂ ಕುಡಿದವನು ಸಾಲಿನಲ್ಲಿ ನಿಂತಂತೆ ಕಾಣುತ್ತದೆ.

ಮೊದಲ ಗೀರು ಹೂವಿಗೆ. ಕೈ ನಡುಗಿತು. ಹೂವು ತಿಂದಿತು.

ಎರಡನೆಯ ಅಕ್ಷರದ ಹೊತ್ತಿಗೆ ಬೆಳಕು ಹೋಯಿತು. ತಲೆಯೆತ್ತಿದರೆ ಎರಡು ಊರಿನ ಜನ ಕಣದ ಅಂಚಿಗೆ ಬಗ್ಗಿ ನಿಂತು ನನ್ನ ಸೂರ್ಯನನ್ನು ನುಂಗಿದ್ದಾರೆ. ಸರಿಯಿರಿ ಎಂದೆ, ಕೂಗಿ ಒಡೆದ ದನಿ ಮೂರನೆಯವನಿಗೂ ಕೇಳಲಿಲ್ಲ. ಇದ್ದಬದ್ದ ಉಸಿರನ್ನೆಲ್ಲ ಹೊಟ್ಟೆಯಿಂದ ಎತ್ತಿ ವಸ್ತಾದರ ದನಿ ತೆಗೆದೆ. ಅದಕ್ಕೆ ಒಡಕೇ ಬೇಕು.

“ಏಯ್, ಹಿಂದಕ ಸರೀರ್ಲೇ. ಹತ್ತ್ ಹೆಜ್ಜಿ.”

ಇಡೀ ಜನ ಹತ್ತು ಹೆಜ್ಜೆ ಹಿಂದೆ ಸರಿಯಿತು. ಅಂಚಿನಲ್ಲಿದ್ದ ವಸ್ತಾದರೂ ಎರಡು ಹೆಜ್ಜೆ ಸರಿದು, ಆಮೇಲೆ ನಿಂತು ಸುತ್ತ ನೋಡಿದರು. “ಯಾರ್ಲೇ ಅದು?” ಎಂದರು. ಅಷ್ಟೊತ್ತಿಗೆ ನಾನು ತಲೆ ಬಗ್ಗಿಸಿ ಮೂರನೆಯ ಅಕ್ಷರದಲ್ಲಿ ಮಗ್ನನಾಗಿದ್ದೆ.

ಆಮೇಲೆ ನನಗೆ ಜನ ಕಾಣಲಿಲ್ಲ. ಬೆಳ್ಳಿ ಹಿತ್ತಾಳೆಯಂತಲ್ಲ, ಬೆಣ್ಣೆಯಂತೆ ಬರುತ್ತದೆ, ಅದೇ ಅದರ ಮೋಸ. ಉಳಿಯ ಮುಂದೆ ಸಣ್ಣ ಬೆಳ್ಳಿ ಸುರುಳಿ ಏಳುತ್ತಿತ್ತು, ಊದುತ್ತಿದ್ದೆ, ತಿರುವುತ್ತಿದ್ದೆ, ಮುಂದಿನ ಅಕ್ಷರ ಎದುರಿಗೆ ಬರುತ್ತಿತ್ತು. ಅತಿಥಿಗಳು ಮೈಕಿನಲ್ಲಿ ಮಾತು ಶುರು ಮಾಡಿದ್ದರು. ಅವರ ಭಾಷಣ ಮುಗಿಯದಿರಲಿ ಎಂದು ಮನಸಾರೆ ಬಯಸಿದವನು ನಾನೊಬ್ಬನೇ ಇರಬೇಕು.

ಹದಿಮೂರನೆಯ ಅಕ್ಷರದ ಬಾಗಿನಲ್ಲಿ ಉಳಿ ಜಾರಿತು. ಚಾಚಿಕೊಂಡಿದ್ದ ಆ ಹೆಚ್ಚಿನ ಒಂದು ಬೆರಳು ಉಕ್ಕು ಸೊಯ್ಯನೆ ಕೆಳಗೆ, ನಡುಪಟ್ಟಿಯ ಹೆಸರುಗಳ ಕಡೆಗೆ ಹೊರಟಿತು. ಎಡಗೈ ಹೆಬ್ಬೆರಳು ಅಲ್ಲಿತ್ತು. ಚುಚ್ಚಿತು, ನಿಂತಿತು. ಬೆಳ್ಳಿಯನ್ನು ನೋಡಿದೆ. ಗೀರಿಲ್ಲ. ಹೆಬ್ಬೆರಳಿನ ರಕ್ತವನ್ನು ಅಂಗಿಗೆ ಒರೆಸಿ ಒಂದು ಚಿಂದಿ ಸುತ್ತಿ, ಅದನ್ನೇ ಮತ್ತೆ ಬ್ರೇಕಿಗೆ ಇಟ್ಟೆ. ಹದಿನಾಲ್ಕು. ಹದಿನೈದು. ಡಿ ಅಕ್ಷರದ ಗುಡಿಸು ಸುತ್ತಿ ಬಂದು ಮೊದಲ ಹೂವಿನ ಪಕ್ಕ ನಿಂತಾಗ ಬಳೆ ಕೂಡಿಕೊಂಡಿತ್ತು, ನಡುವೆ ಕೂದಲೆಳೆಯ ವ್ಯತ್ಯಾಸವಿಲ್ಲ.

ಬಿಳಿ ಬಣ್ಣ ಒರೆಸಿದೆ. ಪೈಲ್ವಾನರಿಬ್ಬರೂ ಗದೆಯನ್ನು ಮಣ್ಣಿನಿಂದ ಕಿತ್ತು ಮೇಲೆತ್ತಿದರು, ಒಬ್ಬ ಹಿಡಿಕೆ, ಒಬ್ಬ ಗುಂಡು. ಇಬ್ಬರೂ ಅದನ್ನು ತಿರುಗಿಸಿ ತಿರುಗಿಸಿ ಓದಿದರು. ಸಿಂಗಟಾಲೂರಿನವನು ಕೇಳಿದ, “ಎಲ್ಲಿಂದ ಸುರು ಮಾಡೂದು?”

“ನಿಂಗ ಎಲ್ಲಿ ಬೇಕ ಅಲ್ಲಿಂದ,” ಎಂದ ಅಸುಂಡಿಯವನು.

ಹಲಗಿ ಬಡಿದವು. ಆಗ ಕಾಕಾ ಬೆಂಚಿನಿಂದ ಎದ್ದು ಬಂದರು. ಗದೆಯ ಮುಂದೆ ನಿಂತು ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಬಳೆಯ ಮೇಲೆ ಒಂದು ಸುತ್ತು ಓಡಿಸಿದರು. ಒಂದು ಕಡೆ ನಿಂತರು.

“ಹೂವು ನಡಗ್ಯೈತಿ.”

“ನೀವ ಹೇಳಿದ್ರೆಲ್ರಿ, ಹೂವು ತಿನ್ನಲಿ ಅಂತ.”

ಅವರು ಉಗುರನ್ನು ಅಂಗಿಗೆ ಒರೆಸಿ ಬಸ್ಸಿನ ಕಡೆ ನಡೆದರು. ಗದಗಿನವರೆಗೂ ಕಿಟಕಿಗೆ ತಲೆಯಾನಿಸಿ ನಿದ್ದೆ ಹೊಡೆದರು.

ಸೋಮವಾರ ಅಂಗಡಿಗೆ ಹೋದಾಗ ಪಾತ್ರೆ ಅಂಗಡಿಯ ಕೆಲಸದವರೆಲ್ಲ ನಮ್ಮ ಗೂಡಿನ ಮುಂದೆ ಸೇರಿ ನಗುತ್ತಿದ್ದರು. ಇಣುಕಿ ನೋಡಿದೆ. ಮೂರು ವರ್ಷದಲ್ಲಿ ಒಮ್ಮೆಯೂ ತಮಾಷೆ ಮಾಡದ ಕಾಕಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಮೊಣಕಾಲಿನ ನಡುವೆ ತಂಬಿಗೆ ಇಟ್ಟುಕೊಂಡು, ಕುತ್ತಿಗೆಯನ್ನು ಕೊಕ್ಕರೆಯಂತೆ ಮುಂದೆ ಚಾಚಿ, ನಾಲಿಗೆಯ ತುದಿಯನ್ನು ಬಾಯಿಯ ಎಡಮೂಲೆಯಿಂದ ಹೊರಗೆ ಹಾಕಿ, ಪ್ರತಿ ಬಾಗಿಗೂ ನಾಲಿಗೆಯನ್ನು ಅದೇ ದಿಕ್ಕಿಗೆ ತಿರುಗಿಸುತ್ತಿದ್ದರು. ಯಾರನ್ನು ಅನುಕರಿಸುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನನ್ನನ್ನು ಕಂಡು ನಾಲಿಗೆ ಒಳಗೆಳೆದುಕೊಂಡರು, ಕೆಮ್ಮಿದರು. “ಕೈ ಚಾಚು,” ಎಂದರು.

ಚಾಚಿದೆ. ಬೆಳ್ಳಿಯ ಉಳಿಯನ್ನು ನನ್ನ ಅಂಗೈಯಲ್ಲಿ ಕೂರಿಸಿ, ಹೆಬ್ಬೆರಳಿನ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡರು. ಆಮೇಲೆ ಉಳಿಯ ಹಿಡಿ ಬಿಚ್ಚಿ, ಉಕ್ಕನ್ನು ಇಕ್ಕಳಕ್ಕೆ ಸಿಕ್ಕಿಸಿ, ಗರಗಸ ತೆಗೆದುಕೊಂಡು ಹಿಂದಿನಿಂದ ಒಂದು ಬೆರಳಿನಷ್ಟು ಕೊಯ್ಯತೊಡಗಿದರು.